ಮನೆಯಲ್ಲಿ ಕೂತು ಕಾಗದ ಬರೆಯಲು ಯಾವ ತಂತ್ರಾಂಶ?

ಪ್ರಶ್ನೆ: ನಾನು ಶಿರಸಿ ತಾಲೂಕಿನ ಹಳ್ಳಿಯೊಂದರಲ್ಲಿರುವ ನಿವೃತ್ತ ಶಿಕ್ಷಕಿ. ಎರಡು ವರ್ಷದಿಂದ ಬಲಗೈ ನಡುಗುತ್ತಿದ್ದು, ನಾನು ಬರೆದದ್ದನ್ನು ಓದುವುದು ಬೇರೆಯವರಿಗೆ ಕಷ್ಟವಾಗಿದೆ. ಹೊನ್ನಾವರದಲ್ಲಿರುವ ಅಕ್ಕನಿಗೆ, ಹಳೆಯ ಸಹೋದ್ಯೋಗಿಗಳಿಗೆ ತಿಂಗಳಿಗೆ ಎಂಟು ಹತ್ತು ಕಾಗದ ಬರೆಯುವ ರೂಢಿ ನನ್ನದು. ಆಗಾಗ ತಹಶೀಲ್ದಾರ ಕಚೇರಿಗೋ ಸೊಸೈಟಿಗೋ ಅರ್ಜಿ ಬರೆಯುವುದೂ ಇರುತ್ತದೆ. ಮಗ ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟುಹೋಗಿದ್ದಾನೆ. ಅದರಲ್ಲಿ ವಿಂಡೋಸ್ 10 ಮತ್ತು 4 ಜಿಬಿ ಮೆಮೊರಿ ಇದೆಯಂತೆ. ವರ್ಡ್ ಬೇಕಾದರೆ ಪ್ರತಿವರ್ಷ ಸಾವಿರಾರು ರೂಪಾಯಿ ಕಟ್ಟಬೇಕು ಎಂದು ಒಬ್ಬರು ಹೇಳಿದರು. 500 ರೂಪಾಯಿಗೆ ಕಾಯಂ ಆಗಿ ಹಾಕಿಕೊಡುತ್ತೇನೆ ಎಂದು ಇನ್ನೊಬ್ಬರು ಹೇಳಿದರು. ಕಡಿಮೆ ಖರ್ಚಿನಲ್ಲಿ ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಅಕ್ಕೋರೇ, ತೀರ್ಮಾನವನ್ನು ಮೊದಲೇ ಹೇಳಿ ಆಮೇಲೆ ಕಾರಣಗಳಿಗೆ ಬರುತ್ತೇನೆ. ನೀವು ಲಿಬ್ರೆಆಫೀಸ್ ಎಂಬ ತಂತ್ರಾಂಶವನ್ನು ಹಾಕಿಸಿಕೊಳ್ಳಿ. ಅದರಲ್ಲಿರುವ ರೈಟರ್ ಎಂಬ ಭಾಗ ನೀವು ಹೇಳಿದ ಎಲ್ಲ ಬಗೆಯ ಕಾಗದಗಳಿಗೂ ಸಾಕು, ಅದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಕನ್ನಡವನ್ನು ಯೂನಿಕೋಡ್‌ನಲ್ಲಿಯೇ, ಅಂದರೆ ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರಸಂಕೇತದಲ್ಲಿಯೇ, ಟೈಪ್ ಮಾಡಿ. ತಂತ್ರಾಂಶಕ್ಕೆಂದು ತೆಗೆದಿಟ್ಟ ಹಣವಿದ್ದರೆ ಅದರಲ್ಲಿ ಒಂದು ಒಳ್ಳೆಯ ಕೀಲಿಮಣೆಯನ್ನೂ, ಸಾಧ್ಯವಾದರೆ ಒಂದು ಪ್ರಿಂಟರನ್ನೂ ಕೊಳ್ಳಿ. ನಿಮ್ಮ ನಡುಗುವ ಕೈಗೆ ನಿಜವಾಗಿ ಆಸರೆಯಾಗುವುದು ಅವೇ.

ಯೂನಿಕೋಡ್ ಎಂದು ಒತ್ತಿ ಹೇಳುವುದಕ್ಕೆ ನನಗೊಂದು ಸ್ವಂತ ಕಾರಣವಿದೆ. 2003ರ ಸುಮಾರಿಗೆ ನನ್ನ ತಂದೆಯವರ ಕಣ್ಣು ಮಂಜಾದಾಗ ಅವರು ಹೇಳಿದ ಕಾಗದಗಳನ್ನು ನಾನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಮುದ್ರಿಸಿ ಅಂಚೆಗೆ ಹಾಕುತ್ತಿದ್ದೆ. ಹಾಗೆ ನಲವತ್ತಕ್ಕೂ ಹೆಚ್ಚು ಕಾಗದಗಳು ಕಡತಗಳಾಗಿ ನನ್ನ ಬಳಿ ಉಳಿದಿದ್ದವು. ಅವರು ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಒಂದು ದಿನ ಹೊಸ ಕಂಪ್ಯೂಟರಿನಲ್ಲಿ ಅವುಗಳನ್ನು ತೆರೆದರೆ ತೆರೆಯ ಮೇಲೆ ಒಂದೇ ಒಂದು ಕನ್ನಡ ಅಕ್ಷರವಿರಲಿಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ನೆತ್ತಿಯ ಮೇಲೆ ಗೀಟು, ಚುಕ್ಕೆ, ಸೊಟ್ಟ ಟೋಪಿಯಂಥ ಗುರುತುಗಳು ಸಾಲುಸಾಲಾಗಿ ನಿಂತಿದ್ದವು. ಆ ಕಾಲದ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಅಕ್ಷರದ ತುಂಡೊಂದನ್ನು ಬರೆದು ಕೂರಿಸಿರುತ್ತಿದ್ದರು. ಕಡತದೊಳಗೆ ಉಳಿಯುತ್ತಿದ್ದದ್ದು ಇಂಗ್ಲಿಷ್ ಅಕ್ಷರದ ಸಂಖ್ಯೆಯೇ ಹೊರತು ಕನ್ನಡವಲ್ಲ, ಆದ್ದರಿಂದ ಅದೇ ಫಾಂಟು ಇಲ್ಲದ ಯಂತ್ರದಲ್ಲಿ ಕನ್ನಡ ಕಾಣುವುದೇ ಇಲ್ಲ. ಕೊನೆಗೆ ಪರಿವರ್ತಕವೊಂದರಲ್ಲಿ ಹಾಕಿ ಅವುಗಳನ್ನು ಯೂನಿಕೋಡ್‌ಗೆ ತಂದೆ. ಬಹುಪಾಲು ಸರಿಯಾಗಿ ಬಂತು, ಆದರೆ ಅರ್ಕಾವತ್ತು ಅಲ್ಲಲ್ಲಿ ಪಕ್ಕದ ಅಕ್ಷರಕ್ಕೆ ಹಾರಿತ್ತು, ಕೆಲವು ಒತ್ತಕ್ಷರಗಳು ಬಿದ್ದೇಹೋಗಿದ್ದವು. ಮೂರು ಸಂಜೆ ಕುಳಿತು ಒಂದೊಂದೇ ಪದವನ್ನು ತಿದ್ದಬೇಕಾಯಿತು.

ಈಗ ಆ ತೊಂದರೆ ಇಲ್ಲ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ತನ್ನದೇ ಆದ ಜಾಗ ಸಿಕ್ಕಿತು. ಇವತ್ತಿನ ಕಂಪ್ಯೂಟರು, ಫೋನುಗಳೆಲ್ಲ ಅದನ್ನು ಓದಬಲ್ಲವು. ಯೂನಿಕೋಡ್‌ನಲ್ಲಿ ಬರೆದ ‘ಅಕ್ಕ’ ಯಾವ ಫಾಂಟಿನಲ್ಲಿ ತೆರೆದರೂ ‘ಅಕ್ಕ’ನೇ ಆಗಿರುತ್ತದೆ, ಅಕ್ಷರದ ಚೆಲುವು ಮಾತ್ರ ಬದಲಾಗಬಹುದು. ಹಾಗಾಗಿ ತಂತ್ರಾಂಶವನ್ನು ಆರಿಸುವಾಗ ನಾನು ಕೇಳುವ ಮೊದಲ ಪ್ರಶ್ನೆ ಅದರ ಬೆಲೆ ಎಷ್ಟು ಎಂಬುದಲ್ಲ. ಇದರಲ್ಲಿ ಬರೆದಿಟ್ಟ ಕಾಗದವನ್ನು ಹತ್ತು ಹದಿನೈದು ವರ್ಷಗಳ ನಂತರ ಬೇರೆಯವರ ಯಂತ್ರದಲ್ಲಿ, ಯಾರಿಗೂ ಹಣ ಕಟ್ಟದೆ ತೆರೆದು ಓದಬಹುದೇ ಎಂಬುದು. ಲಿಬ್ರೆಆಫೀಸ್ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ.

ಅದರ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬೇಕು, ಏಕೆಂದರೆ ಪುಕ್ಕಟೆ ಸಿಗುವ ವಸ್ತುವಿನ ಬಗ್ಗೆ ನಮ್ಮವರಿಗೆ ಸಹಜವಾಗಿಯೇ ಅನುಮಾನವಿರುತ್ತದೆ. ಜರ್ಮನಿಯ ಒಂದು ಕಂಪನಿ ತಯಾರಿಸುತ್ತಿದ್ದ ಸ್ಟಾರ್‌ಆಫೀಸ್ ಎಂಬ ತಂತ್ರಾಂಶವನ್ನು 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಕಂಪನಿ ಕೊಂಡುಕೊಂಡು, ಮರುವರ್ಷ ಅದರ ಮೂಲಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿತು. ಅದು ಓಪನ್‌ಆಫೀಸ್ ಆಯಿತು. 2010ರಲ್ಲಿ ಅದರ ತಯಾರಕರಲ್ಲಿ ಬಹಳ ಮಂದಿ ಬೇರೆಯಾಗಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆಯನ್ನು ಕಟ್ಟಿಕೊಂಡು ಲಿಬ್ರೆಆಫೀಸ್ ಆರಂಭಿಸಿದರು. ಅಂದಿನಿಂದ ಅದು ನಿಲ್ಲದೆ ಬೆಳೆಯುತ್ತ ಬಂದಿದೆ. ಅದು ಕಡತಗಳನ್ನು ಉಳಿಸುವ ಓಡಿಎಫ್ ಎಂಬ ವಿನ್ಯಾಸ 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿದೆ, ಅಂದರೆ ಆ ಕಡತವನ್ನು ಓದುವ ಬಗೆ ಯಾವುದೇ ಒಂದು ಕಂಪನಿಯ ಗುಟ್ಟಲ್ಲ. ವರ್ಡ್‌ನ ಕಡತಗಳನ್ನೂ ಅದು ತೆರೆಯುತ್ತದೆ, ವರ್ಡ್‌ನ ಕಡತವಾಗಿ ಉಳಿಸಿಯೂ ಕೊಡುತ್ತದೆ. ಲಿಬ್ರೆಆಫೀಸ್ ಡಾಟ್ ಆರ್ಗ್ ಎಂಬ ಅದರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ಅಲ್ಲಿ ದೇಣಿಗೆ ಕೇಳುವ ಒಂದು ಪುಟ ಕಾಣಿಸುತ್ತದೆ. ಕೊಡುವುದು ಬಿಡುವುದು ನಿಮ್ಮ ಇಚ್ಛೆ. ಹಾಕಿದ ಮೇಲೆ ಅದು ಸುಮಾರು ಒಂದೂವರೆ ಜಿಬಿ ಜಾಗ ಹಿಡಿಯುತ್ತದೆ, ನಿಮ್ಮ ಲ್ಯಾಪ್‌ಟಾಪಿಗೆ ಅದು ಭಾರವಲ್ಲ.

ಇನ್ನು ವರ್ಡ್‌ನ ವಿಚಾರ. ವರ್ಡ್ ಒಳ್ಳೆಯ ತಂತ್ರಾಂಶ, ಅದರಲ್ಲಿ ಎರಡು ಮಾತಿಲ್ಲ. ಕಚೇರಿಯಲ್ಲಿ ಹತ್ತು ಜನ ಒಂದೇ ಕರಡನ್ನು ತಿದ್ದಬೇಕಾದಾಗ ಅದರ ಬೆಲೆಗೆ ಅರ್ಥವಿದೆ. ಆದರೆ ಅಕ್ಕನಿಗೆ ಕಾಗದ ಬರೆಯುವುದಕ್ಕೆ ವರ್ಷವರ್ಷವೂ ಚಂದಾ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಚಂದಾ ನಿಂತ ಮೇಲೆ ಆ ವರ್ಡ್ ನಿಮ್ಮ ಹಳೆಯ ಕಾಗದಗಳನ್ನು ತೋರಿಸುತ್ತದೆ, ಮುದ್ರಿಸಲೂ ಕೊಡುತ್ತದೆ, ಆದರೆ ಹೊಸದನ್ನು ಬರೆಯಲು, ಇದ್ದದ್ದನ್ನು ತಿದ್ದಲು ಬಿಡುವುದಿಲ್ಲ. ಒಂದೇ ಸಲ ಹಣ ಕೊಟ್ಟು ಕೊಳ್ಳುವ, ವರ್ಡ್ ಸೇರಿರುವ ಆಫೀಸ್ 2024 ಕೂಡ ಸಿಗುತ್ತದೆ. ಅದು ಒಂದು ಯಂತ್ರಕ್ಕೆ ಮಾತ್ರ, ಬೆಲೆಯೂ ದುಬಾರಿ. ವರ್ಡ್ ಅನ್ನೇ ಬಳಸಬೇಕೆಂಬ ಆಸೆಯಿದ್ದರೆ, ಮೈಕ್ರೋಸಾಫ್ಟ್ ಖಾತೆ ತೆರೆದು ಬ್ರೌಸರಿನಲ್ಲಿಯೇ ಬಳಸುವ ಉಚಿತ ರೂಪವೊಂದಿದೆ. ಅದಕ್ಕೆ ಇಂಟರ್ನೆಟ್ ಬೇಕು, ಅಷ್ಟೆ. ವಿಂಡೋಸ್ 95ರ ಕಾಲದಿಂದ ಯಂತ್ರದ ಜೊತೆಗೇ ಬರುತ್ತಿದ್ದ ವರ್ಡ್‌ಪ್ಯಾಡ್ ನಿಮ್ಮ ವಿಂಡೋಸ್ 10ರಲ್ಲಿ ಇನ್ನೂ ಇರುತ್ತದೆ. ಆದರೆ ವಿಂಡೋಸ್ 11ರ 2024ರ ಆವೃತ್ತಿಯಿಂದ ಅದನ್ನು ತೆಗೆದುಹಾಕಿದ್ದಾರೆ, ಆದ್ದರಿಂದ ಅದನ್ನು ರೂಢಿ ಮಾಡಿಕೊಳ್ಳುವುದು ಬೇಡ.

500 ರೂಪಾಯಿಗೆ ಕಾಯಂ ಆಗಿ ಹಾಕಿಕೊಡುತ್ತೇನೆ ಎಂದವರನ್ನು ಮಾತ್ರ ದಯವಿಟ್ಟು ಮನೆಗೆ ಕರೆಯಬೇಡಿ. ಆ ಬೆಲೆಗೆ ಸಿಗುವುದು ಬೀಗ ಒಡೆದ ಪ್ರತಿ, ಇಲ್ಲವೇ ಯಾವುದೋ ದೊಡ್ಡ ಸಂಸ್ಥೆಗೆ ಒಟ್ಟಾಗಿ ಕೊಟ್ಟ ಕೀಲಿಸಂಖ್ಯೆಯನ್ನು ಬಿಡಿಬಿಡಿಯಾಗಿ ಮಾರಿದ್ದು. ಎರಡನೆಯದು ಯಾವ ದಿನ ಬೇಕಾದರೂ ರದ್ದಾಗಬಹುದು. ಮೊದಲನೆಯದು ಇನ್ನೂ ಅಪಾಯ. ಬೀಗ ಒಡೆಯುವ ಉಪಕರಣ ಕೆಲಸ ಮಾಡಬೇಕಾದರೆ ವೈರಸ್ ತಡೆಯುವ ರಕ್ಷಣೆಯನ್ನು ಮೊದಲು ನಿಲ್ಲಿಸಬೇಕಾಗುತ್ತದೆ, ಆ ತೆರೆದ ಬಾಗಿಲಿನಿಂದ ಏನು ಒಳಗೆ ಬಂತು ಎಂದು ಹಾಕಿಕೊಟ್ಟವರಿಗೂ ಗೊತ್ತಿರುವುದಿಲ್ಲ. ನನಗೆ ಪರಿಚಯದ ಮನೆಯೊಂದರಲ್ಲಿ ಹೀಗೆ ಹಾಕಿಸಿದ ಮೂರು ತಿಂಗಳಿಗೆ ಕಡತಗಳಿಗೆಲ್ಲ ಬೀಗ ಬಿದ್ದು, ಮಗಳ ಮದುವೆಯ ಫೋಟೊಗಳ ಸಮೇತ ಎಲ್ಲವೂ ಹೋಯಿತು. ಪುಕ್ಕಟೆಯಾಗಿ, ಕಾನೂನುಬದ್ಧವಾಗಿ ಸಿಗುವ ಒಳ್ಳೆಯ ತಂತ್ರಾಂಶವಿರುವಾಗ ಈ ಗಂಡಾಂತರವನ್ನು ದುಡ್ಡು ಕೊಟ್ಟು ತರಿಸಿಕೊಳ್ಳುವುದು ಬೇಡ.

ಗೂಗಲ್ ಡಾಕ್ಸ್ ಬಗ್ಗೆ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದೂ ಉಚಿತ. ಜಿಮೇಲ್, ಫೋಟೊ ಎಲ್ಲಕ್ಕೂ ಸೇರಿ 15 ಜಿಬಿ ಜಾಗ ಸಿಗುತ್ತದೆ, ಬರೆದದ್ದು ತಾನಾಗಿಯೇ ಉಳಿಯುತ್ತದೆ. ನಿಮಗೆ ಅದರಿಂದ ಆಗುವ ದೊಡ್ಡ ಉಪಕಾರವೆಂದರೆ ಧ್ವನಿಯಿಂದ ಬರೆಸುವ ಸೌಲಭ್ಯ: ಕ್ರೋಮ್ ಬ್ರೌಸರಿನಲ್ಲಿ ತೆರೆದು, ಟೂಲ್ಸ್ ಪಟ್ಟಿಯಲ್ಲಿ ವಾಯ್ಸ್ ಟೈಪಿಂಗ್ ಒತ್ತಿ, ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ ನಿಧಾನವಾಗಿ ಹೇಳುತ್ತ ಹೋದರೆ ಅಕ್ಷರಗಳು ಮೂಡುತ್ತವೆ. ಪೂರ್ಣವಿರಾಮ, ಅಲ್ಪವಿರಾಮಗಳನ್ನು ನೀವೇ ಹಾಕಿಕೊಳ್ಳಬೇಕು. ಪಾಠ ಹೇಳುವಾಗಿನ ಪುಸ್ತಕದ ಕನ್ನಡವನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಮನೆಮಾತಿನಲ್ಲಿ ‘ನಾನು’ ಎನ್ನುವ ಬದಲು ‘ಆನು’ ಎಂದು ಶುರುಮಾಡಿದರೆ ಅದಕ್ಕೆ ತಿಳಿಯುವುದಿಲ್ಲ, ತನಗೆ ಗೊತ್ತಿರುವ ಇನ್ನಾವುದೋ ಪದವನ್ನು ಬರೆದುಬಿಡುತ್ತದೆ ಎಂಬುದು ನಾನು ಹಲವು ಸಲ ಕಂಡ ಸಂಗತಿ. ಆದರೆ ಇದೆಲ್ಲಕ್ಕೂ ಇಂಟರ್ನೆಟ್ ಬೇಕು. ಘಟ್ಟದ ಮೇಲಿನ ನಮ್ಮ ಊರುಗಳಲ್ಲಿ ಆಷಾಢದ ಮಳೆಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಕರೆಂಟೂ ಹೋಗುತ್ತದೆ, ಅದರ ಹಿಂದೆಯೇ ಟವರೂ ಹೋಗುತ್ತದೆ. ಮನೆಯೊಳಗೇ ಕೂತು ಕಾಗದ ಬರೆಯಲು ಹೆಚ್ಚು ಪುರಸೊತ್ತಿರುವುದೂ ಅದೇ ದಿನಗಳಲ್ಲಿ. ಆದ್ದರಿಂದ ಕೈ ತೀರ ಸೋತ ದಿನ ಡಾಕ್ಸ್‌ನಲ್ಲಿ ಹೇಳಿ ಬರೆಸಿ, ಅದನ್ನು ನಕಲು ಮಾಡಿ ರೈಟರಿಗೆ ತಂದುಕೊಂಡು ಅಲ್ಲಿ ತಿದ್ದಿ ಉಳಿಸಿಕೊಳ್ಳುವುದು ನಿಮಗೆ ಹೊಂದುವ ದಾರಿ.

ಉಳಿದವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಳೆಯ ಓಪನ್‌ಆಫೀಸ್ ಅಪಾಚೆ ಎಂಬ ಹೆಸರು ಸೇರಿಸಿಕೊಂಡು ಇನ್ನೂ ಸಿಗುತ್ತದೆ, ಆದರೆ ವರ್ಡ್‌ನ ಈಗಿನ ಮಾದರಿಯಲ್ಲಿ ಕಡತ ಉಳಿಸಲು ಅದಕ್ಕೆ ಬರುವುದಿಲ್ಲ. ಚೆನ್ನೈನ ಜೋಹೊ ಸಂಸ್ಥೆಯ ರೈಟರ್ ಅಚ್ಚುಕಟ್ಟಾಗಿದೆ, ಸ್ವಂತ ಬಳಕೆಗೆ ಉಚಿತ. ಅದೂ ಮುಖ್ಯವಾಗಿ ಇಂಟರ್ನೆಟ್ಟನ್ನೇ ನೆಚ್ಚಿಕೊಂಡದ್ದು.

ಲಿಬ್ರೆಆಫೀಸ್ ಹಾಕಿದ ಮೊದಲ ದಿನವೇ ನಾಲ್ಕು ಹೊಂದಿಕೆಗಳನ್ನು ಮಾಡಿಸಿಕೊಳ್ಳಿ. ಇವನ್ನು ಮಾಡದೆ ‘ಇದರಲ್ಲಿ ಕನ್ನಡ ಸರಿ ಬರುವುದಿಲ್ಲ’ ಎಂದು ಬಿಟ್ಟುಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ಮೊದಲನೆಯದು ಹಾಳೆಯ ಅಳತೆ. ಯಂತ್ರ ಅಮೆರಿಕದ ಲೆಕ್ಕಕ್ಕೆ ಹೊಂದಿಸಿದ್ದರೆ ರೈಟರ್ ‘ಲೆಟರ್’ ಎಂಬ ಅಳತೆಯ ಹಾಳೆಯನ್ನು ತೆರೆಯುತ್ತದೆ. ಹೆಸರು ಕಾಗದಕ್ಕೆ ಹೊಂದುವಂತಿದೆ ಎಂದು ಮೋಸಹೋಗಬಾರದು. ಅದರ ಉದ್ದ 279 ಮಿಲಿಮೀಟರು, ನಮ್ಮ ಅಂಗಡಿಗಳಲ್ಲಿ ಸಿಗುವ ಎ4 ಹಾಳೆಯ ಉದ್ದ 297. ಫಾರ್ಮ್ಯಾಟ್ ಪಟ್ಟಿಯ ಪೇಜ್ ಸ್ಟೈಲ್‌ನಲ್ಲಿ ಎ4 ಎಂದು ಆರಿಸಿದರೆ ಮುದ್ರಣ ಓರೆಕೋರೆಯಾಗುವುದಿಲ್ಲ.

ಎರಡನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಲಿಬ್ರೆಆಫೀಸ್ ಇಂಗ್ಲಿಷಿನಂಥ ಲಿಪಿಗಳಿಗೆ ಒಂದು ಫಾಂಟನ್ನೂ, ಕನ್ನಡದಂತೆ ಅಕ್ಷರದ ಕೆಳಗೆ ಮೇಲೆ ಗುರುತುಗಳು ಕೂಡುವ ಲಿಪಿಗಳಿಗೆ ಬೇರೊಂದು ಫಾಂಟನ್ನೂ ನೆನಪಿಟ್ಟುಕೊಳ್ಳುತ್ತದೆ. ಇದು ಗೊತ್ತಿಲ್ಲದವರು ಖಾಲಿ ಹಾಳೆಯಲ್ಲಿ ಅಕ್ಷರದ ಗಾತ್ರವನ್ನು 16 ಎಂದು ಮಾಡಿ ಕನ್ನಡ ಟೈಪ್ ಮಾಡಲು ತೊಡಗಿದರೆ, ಅಕ್ಷರ ಹಳೆಯ ಗಾತ್ರದಲ್ಲಿಯೇ ಮೂಡಿ ತಬ್ಬಿಬ್ಬಾಗುತ್ತಾರೆ. ಟೂಲ್ಸ್ ಪಟ್ಟಿಯಲ್ಲಿ ಆಪ್ಷನ್ಸ್ ತೆರೆದು, ಭಾಷೆಗಳ ಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ (ಸಿಟಿಎಲ್) ಎಂಬುದರ ಮುಂದೆ ಗುರುತು ಹಾಕಿ ಕನ್ನಡವನ್ನು ಆರಿಸಬೇಕು. ಆಮೇಲೆ ಅದೇ ಆಪ್ಷನ್ಸ್‌ನಲ್ಲಿ ರೈಟರ್‌ನ ಕೆಳಗಿರುವ ಬೇಸಿಕ್ ಫಾಂಟ್ಸ್ ಸಿಟಿಎಲ್ ಎಂಬಲ್ಲಿ ಕನ್ನಡ ಫಾಂಟನ್ನೂ ಗಾತ್ರವನ್ನೂ ಒಮ್ಮೆ ನಿಗದಿ ಮಾಡಿಟ್ಟರೆ ಮುಂದೆ ಪ್ರತಿ ಹೊಸ ಕಾಗದವೂ ಹಾಗೆಯೇ ತೆರೆಯುತ್ತದೆ. ವಿಂಡೋಸ್‌ನೊಳಗೇ ಇರುವ ನಿರ್ಮಲಾ ಫಾಂಟ್ ತೆರೆಯ ಮೇಲೆ ಓದಲು ಚೆನ್ನಾಗಿದೆ. ಹಾಳೆಯ ಮೇಲೆ ಮಾತ್ರ ನನಗೆ ನೋಟೋ ಸೆರಿಫ್ ಕನ್ನಡವೇ ಇಷ್ಟ. ಅಕ್ಷರದ ದಪ್ಪ ತೆಳುವುಗಳು ಪುಸ್ತಕದ ಅಚ್ಚನ್ನು ಹೋಲುತ್ತವೆ, ಗೂಗಲ್ ಫಾಂಟ್ಸ್‌ನಲ್ಲಿ ಅದು ಉಚಿತವಾಗಿ ಸಿಗುತ್ತದೆ. ನಿಮ್ಮ ಅಕ್ಕ ನಿಮಗಿಂತ ಹಿರಿಯರು, ಹಾಗಾಗಿ ಅವರಿಗೆ ಹೋಗುವ ಕಾಗದದ ಅಕ್ಷರ 15ಕ್ಕೆ ಕಡಿಮೆ ಇರದಿರಲಿ. ನಿಮ್ಮ ಕಣ್ಣಿಗೆ ದೊಡ್ಡದಾಗಿ ಕಾಣಬೇಕಾದರೆ ಕಂಟ್ರೋಲ್ ಕೀಲಿ ಒತ್ತಿಹಿಡಿದು ಮೌಸಿನ ಚಕ್ರ ತಿರುಗಿಸಿ. ಅದರಿಂದ ತೆರೆಯ ಮೇಲಿನ ನೋಟ ಮಾತ್ರ ಹಿಗ್ಗುತ್ತದೆ, ಮುದ್ರಣದ ಗಾತ್ರ ಬದಲಾಗುವುದಿಲ್ಲ.

ಮೂರನೆಯದು ಸಾಲುಗಳ ನಡುವಿನ ಅಂತರ. ‘ಸ್ವಾತಂತ್ರ್ಯ’ ಎಂದು ಬರೆದು ನೋಡಿ: ತಕಾರದ ಕೆಳಗೆ ರಕಾರದ ಒತ್ತು, ಅದರ ಜೊತೆಗೆ ಯಕಾರದ ಒತ್ತು. ಅಂತರವನ್ನು ಫಿಕ್ಸ್ಡ್ ಎಂದು ಬಿಗಿ ಮಾಡಿದರೆ ಈ ಒತ್ತುಗಳ ಕಾಲು ಕತ್ತರಿಸಿಹೋಗುತ್ತದೆ, ಇಲ್ಲವೇ ಕೆಳಗಿನ ಸಾಲಿನ ಗುಡಿಸು ಕೊಂಬುಗಳಿಗೆ ತಾಗುತ್ತದೆ. 1.15 ಅಥವಾ 1.5 ಸಾಲಿನ ಅಂತರವೇ ಕನ್ನಡಕ್ಕೆ ಸರಿ. ನಾಲ್ಕನೆಯದು ತಾನಾಗಿ ಉಳಿಸುವ ಏರ್ಪಾಡು. ಆಪ್ಷನ್ಸ್‌ನಲ್ಲಿ ಲೋಡ್ ಸೇವ್ ಎಂಬ ಭಾಗದ ಜನರಲ್ ತೆರೆದು, ಆಟೋರಿಕವರಿಯ ಸಮಯವನ್ನು 2 ನಿಮಿಷಕ್ಕೆ ಇಳಿಸಿ, ಪ್ರತಿ ಕಡತಕ್ಕೂ ಒಂದು ಬ್ಯಾಕಪ್ ಪ್ರತಿ ಇಡುವ ಗುರುತನ್ನೂ ಹಾಕಿ. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಸೋತಿರುವುದೇ ಹೆಚ್ಚು, ಕರೆಂಟು ಹೋದೊಡನೆ ಯಂತ್ರ ಆರಿದರೂ ಎರಡು ನಿಮಿಷಕ್ಕಿಂತ ಹೆಚ್ಚಿನ ಬರಹ ಹೋಗದು.

ಕೀಲಿಮಣೆಯ ವಿನ್ಯಾಸದಲ್ಲಿ ನಿಮಗೆ ಆಯ್ಕೆಗಳಿವೆ. ವಿಂಡೋಸ್ 10ರ ಭಾಷಾ ಸೆಟ್ಟಿಂಗಿನಲ್ಲಿ ಕನ್ನಡವನ್ನು ಸೇರಿಸಿದರೆ ಭಾರತೀಯ ಭಾಷೆಗಳಿಗೆಲ್ಲ ಒಂದೇ ಬಗೆಯಲ್ಲಿ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸ ಸಿಗುತ್ತದೆ. ಇಂಗ್ಲಿಷ್ ಉಚ್ಚಾರಣೆಯಂತೆ ಟೈಪ್ ಮಾಡುವ ಫೊನೆಟಿಕ್ ವಿನ್ಯಾಸವೂ 2019ರಿಂದ ಅದರೊಳಗೇ ಇದೆ. ವಿಂಡೋಸ್ ಗುರುತಿನ ಕೀಲಿ ಮತ್ತು ಸ್ಪೇಸ್ ಒತ್ತಿದರೆ ಕನ್ನಡ, ಇಂಗ್ಲಿಷ್ ಅದಲುಬದಲಾಗುತ್ತವೆ. ಆದರೆ ನಾನು ನಿಮಗೆ ಹೇಳುವುದು ಕಂಪ್ಯೂಟರಿಗೆ ಕನ್ನಡ ತಂದವರಲ್ಲಿ ಮೊದಲಿಗರಾದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು. ಕರ್ನಾಟಕ ಸರ್ಕಾರ ಪ್ರಮಾಣಿತವೆಂದು ಒಪ್ಪಿಕೊಂಡದ್ದು ಇದನ್ನೇ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಮೂಲಕ ಇದು ಉಚಿತವಾಗಿ ಸಿಗುತ್ತದೆ. ಇಲ್ಲಿ ವ್ಯಂಜನದ ಕೀಲಿಯನ್ನು ಒಮ್ಮೆ ಒತ್ತಿದರೆ ಅಕಾರ ಸೇರಿದ ಪೂರ್ಣ ಅಕ್ಷರವೇ ಬರುತ್ತದೆ, ನೀವು ಒಂದನೇ ತರಗತಿಯ ಮಕ್ಕಳಿಗೆ ಕಾಗುಣಿತ ಕಲಿಸಿದ ಹಾಗೆಯೇ. ‘ಶಿರಸಿ’ ಎಂದು ಬರೆಯಲು ಶಿಫ್ಟ್ ಜೊತೆಗೆ ಎಸ್, ಆಮೇಲೆ ಐ, ಆರ್, ಎಸ್, ಐ: ಐದು ಅಕ್ಷರ. ಇಂಗ್ಲಿಷ್ ಉಚ್ಚಾರಣೆಯಂತೆ ಒಂದೊಂದು ಸ್ವರವನ್ನೂ ಬಿಡಿಸಿ ಬರೆದರೆ ಅದೇ ಪದಕ್ಕೆ ಏಳು ಬೇಕು. ಒತ್ತಕ್ಷರಕ್ಕೆ ಎಫ್ ಕೀಲಿ ಕೊಂಡಿಯಾಗುತ್ತದೆ: ಎ, ಕೆ, ಎಫ್, ಕೆ ಎಂದು ಒತ್ತಿದರೆ ‘ಅಕ್ಕ’. ನಡುಗುವ ಕೈಗೆ ಪ್ರತಿ ಪದದಲ್ಲಿಯೂ ಒಂದೆರಡು ಒತ್ತುವಿಕೆ ಉಳಿದರೆ ಒಂದು ಪುಟಕ್ಕೆ ಅದು ನೂರಾರಾಗುತ್ತದೆ. ನುಡಿಯನ್ನು ತೆರೆದಾಗ ಅದು ಯೂನಿಕೋಡ್‌ಗೆ ಹೊಂದಿದೆಯೇ ಎಂದು ತಪ್ಪದೆ ನೋಡಿಕೊಳ್ಳಿ. ಹಳೆಯ ಬಗೆಯ ಫಾಂಟುಗಳೂ ಅದರಲ್ಲಿವೆ, ನನ್ನ ತಂದೆಯ ಕಾಗದಗಳಿಗಾದ ಗತಿ ನಿಮ್ಮವಕ್ಕೂ ಆಗಬಾರದು.

ಕೈ ನಡುಗುವವರಿಗೆಂದೇ ವಿಂಡೋಸ್‌ನಲ್ಲಿ ಎರಡು ಸೌಲಭ್ಯಗಳಿವೆ, ತಂತ್ರಾಂಶ ಮಾರುವವರು ಇದನ್ನು ಯಾರಿಗೂ ಹೇಳುವುದಿಲ್ಲ. ಫಿಲ್ಟರ್ ಕೀಸ್ ಎಂಬುದನ್ನು ಚಾಲೂ ಮಾಡಿದರೆ ಬೆರಳು ನಡುಗಿ ಒಂದೇ ಕೀಲಿ ಎರಡು ಮೂರು ಸಲ ತಾಗಿದ್ದನ್ನು, ಪಕ್ಕದ ಕೀಲಿಗೆ ಅರೆಗಳಿಗೆ ಸೋಕಿದ್ದನ್ನು ಯಂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಲಗಡೆಯ ಶಿಫ್ಟ್ ಕೀಲಿಯನ್ನು ಎಂಟು ಸೆಕೆಂಡು ಒತ್ತಿಹಿಡಿದರೆ ಅದನ್ನು ಚಾಲೂ ಮಾಡಲೇ ಎಂದು ಕೇಳುತ್ತದೆ. ಶುರುವಿನಲ್ಲಿ ಅಕ್ಷರ ತಡವಾಗಿ ಮೂಡುತ್ತದೆ ಎನಿಸೀತು. ಸೆಟ್ಟಿಂಗಿನಲ್ಲಿ ಆ ಅವಧಿಯನ್ನು ನಿಮ್ಮ ಕೈಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಸಿಕೊಳ್ಳಬಹುದು. ಇನ್ನೊಂದು ಸ್ಟಿಕಿ ಕೀಸ್. ಶಿಫ್ಟ್ ಒತ್ತಿ ಬಿಟ್ಟು, ಆಮೇಲೆ ನಿಧಾನವಾಗಿ ಅಕ್ಷರದ ಕೀಲಿ ಒತ್ತಿದರೂ ಎರಡೂ ಕೂಡಿಯೇ ಒತ್ತಿದಂತೆ ಆಗುತ್ತದೆ, ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದರೆ ಇದು ಸಿಗುತ್ತದೆ. ಇವೆರಡರ ಜೊತೆಗೆ, ಯುಎಸ್‌ಬಿಗೆ ಸಿಕ್ಕಿಸುವ ದೊಡ್ಡ ಕೀಲಿಗಳ ಬೇರೆ ಕೀಲಿಮಣೆಯನ್ನು, ಒಂದು ಮೌಸನ್ನು ಕೊಳ್ಳಿ. ಲ್ಯಾಪ್‌ಟಾಪಿನ ಟಚ್‌ಪ್ಯಾಡಿಗೆ ಅಂಗೈ ತಗುಲಿ ಬರೆಯುತ್ತಿದ್ದ ಜಾಗವೇ ತಪ್ಪಿಹೋಗುವ ಕಾಟ ಅಲ್ಲಿಗೆ ಮುಗಿಯುತ್ತದೆ.

ಪ್ರತಿ ಸಲ ವಿಳಾಸ, ತಾರೀಕು, ಒಕ್ಕಣೆಗಳನ್ನು ಮೊದಲಿನಿಂದ ಟೈಪ್ ಮಾಡಬೇಕಾಗಿಲ್ಲ. ಎರಡು ಮಾದರಿಗಳನ್ನು ಮಾಡಿ ಟೆಂಪ್ಲೇಟ್ ಆಗಿ ಉಳಿಸಿಕೊಳ್ಳಿ. ಒಂದು ಮನೆಯವರಿಗೆ: ಮೇಲೆ ‘ಕ್ಷೇಮ’, ಬಲಗಡೆ ಊರು ಮತ್ತು ತಾರೀಕು, ಆಮೇಲೆ ‘ಉಭಯ ಕುಶಲೋಪರಿ ಸಾಂಪ್ರತ’. ಇನ್ನೊಂದು ಕಚೇರಿಗೆ: ಇಂದ, ಗೆ, ಮಾನ್ಯರೇ, ವಿಷಯ, ಉಲ್ಲೇಖ, ಕೊನೆಯಲ್ಲಿ ಲಗತ್ತುಗಳ ಪಟ್ಟಿ. ಆಟೋಟೆಕ್ಸ್ಟ್ ಎಂಬ ಸೌಲಭ್ಯವೂ ಇದೆ. ದೊಡ್ಡ ಒಕ್ಕಣೆಯೊಂದಕ್ಕೆ ಎರಡು ಇಂಗ್ಲಿಷ್ ಅಕ್ಷರದ ಗುರುತು ಕೊಟ್ಟಿಟ್ಟರೆ, ಆ ಎರಡಕ್ಷರ ಬರೆದು ಎಫ್3 ಒತ್ತಿದಾಗ ಇಡೀ ಒಕ್ಕಣೆ ಬಂದು ಕೂರುತ್ತದೆ. ಕಾಗುಣಿತ ತಿದ್ದುವ ಕೆಲಸಕ್ಕೆ ಮಾತ್ರ ಯಂತ್ರವನ್ನು ನೆಚ್ಚಬೇಡಿ, ಆ ಕೆಂಪು ಶಾಯಿ ನಿಮ್ಮ ಕೈಯಲ್ಲಿಯೇ ಇರಲಿ.

ಬರೆದದ್ದನ್ನು ರೈಟರಿನ ಸ್ವಂತ ಮಾದರಿಯಲ್ಲಿ ಉಳಿಸಿ. ಬೇರೆಯವರಿಗೆ ವಾಟ್ಸಾಪಿನಲ್ಲೋ ಇಮೇಲಿನಲ್ಲೋ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ, ಅದರೊಳಗೆ ಫಾಂಟೂ ಸೇರಿಹೋಗುವುದರಿಂದ ಅಕ್ಷರ ಕೆಡುವುದಿಲ್ಲ. ಪಿಡಿಎಫ್ ಮಾಡುವಾಗ ಹೈಬ್ರಿಡ್ ಎಂಬ ಆಯ್ಕೆಗೆ ಗುರುತು ಹಾಕಿದರೆ ಮೂಲ ಕಡತವೂ ಅದರೊಳಗೇ ಅಡಗಿ ಕೂರುತ್ತದೆ. ಓದುವವರಿಗೆ ಅದು ಸಾಧಾರಣ ಪಿಡಿಎಫ್, ನೀವು ಲಿಬ್ರೆಆಫೀಸ್‌ನಲ್ಲಿ ತೆರೆದರೆ ತಿದ್ದಬಹುದಾದ ಕಾಗದ. ಇಷ್ಟು ಒಳ್ಳೆಯ ಸೌಲಭ್ಯವನ್ನು ಬಳಸುವವರು ಬಹಳ ಕಡಿಮೆ. ತಿಂಗಳಿಗೊಮ್ಮೆ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ನಕಲು ಮಾಡಿ ಬೇರೆ ಕಡೆ ಇಡಿ.

ಪ್ರಿಂಟರ್ ಕೊಳ್ಳುವುದಾದರೆ ಕಪ್ಪುಬಿಳುಪು ಲೇಸರ್ ಪ್ರಿಂಟರನ್ನೇ ಕೊಳ್ಳಿ. ಇಂಕ್‌ಜೆಟ್‌ನ ಶಾಯಿ ವಾರಗಟ್ಟಲೆ ಬಳಸದಿದ್ದರೆ ತೂತಿನಲ್ಲಿ ಒಣಗಿ ಕೂರುತ್ತದೆ. ಇನ್ನೊಂದು ಕಾರಣ ಮಳೆ. ಇಂಕ್‌ಜೆಟ್‌ನಲ್ಲಿ ಅಚ್ಚಾದ ವಿಳಾಸಕ್ಕೆ ನಾಲ್ಕು ಹನಿ ಬಿದ್ದರೆ ಹಲವು ಬಗೆಯ ಶಾಯಿ ಹರಡಿಹೋಗುತ್ತದೆ, ಲೇಸರಿನ ಪುಡಿಯಾದರೋ ಬಿಸಿಗೆ ಕರಗಿ ಹಾಳೆಗೆ ಅಂಟಿಕೊಂಡಿರುವುದರಿಂದ ನೀರಿಗೆ ಅಲುಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಚೆಯವರ ಚೀಲದಲ್ಲಿ ಓಡಾಡುವ ಕಾಗದಕ್ಕೆ ಇದು ಸಣ್ಣ ಮಾತಲ್ಲ. ಹಾಳೆಯ ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ತೇವ ಹೀರಿದ ಹಾಳೆ ಪ್ರಿಂಟರಿನೊಳಗೆ ಸುರುಟಿ ಸಿಕ್ಕಿಹಾಕಿಕೊಳ್ಳುತ್ತದೆ. ಎ4 ಹಾಳೆಯನ್ನು ಮೂರು ಮಡಿಕೆ ಮಾಡಿದರೆ 110ಕ್ಕೆ 220 ಮಿಲಿಮೀಟರಿನ ಉದ್ದ ಲಕೋಟೆಯಲ್ಲಿ ಸರಿಯಾಗಿ ಕೂರುತ್ತದೆ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಹಾಳೆ ಒಂದರ ತೂಕ 5 ಗ್ರಾಂ, ಹಾಗಾಗಿ ಎರಡು ಹಾಳೆಯ ಕಾಗದ 20 ಗ್ರಾಮಿನ ಮೊದಲ ದರದೊಳಗೇ ಹೋಗುತ್ತದೆ. ಪ್ರಿಂಟರಿನ ಖರ್ಚು ಈಗಲೇ ಬೇಡವೆನಿಸಿದರೆ ಪೇಟೆಗೆ ಹೋಗುವ ದಿನ ಪೆನ್‌ಡ್ರೈವಿನಲ್ಲಿ ಪಿಡಿಎಫ್ ಒಯ್ದು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡರೂ ಆಯಿತು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ, ಅಂದರೆ ಸುರಕ್ಷತೆಯ ತಿದ್ದುಪಡಿಗಳನ್ನು ಕಳಿಸುವ ಏರ್ಪಾಡು, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಾಗದ ಬರೆಯುವುದಕ್ಕೆ ಅದರಿಂದ ಅಡ್ಡಿಯಿಲ್ಲ, ಆದರೆ ಆ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ. ಮಗ ಊರಿಗೆ ಬಂದಾಗ ಅದು ವಿಂಡೋಸ್ 11ಕ್ಕೆ ಏರುತ್ತದೆಯೇ ಎಂದು ನೋಡಲಿ. ಏರದಿದ್ದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಕಾರ್ಯವ್ಯವಸ್ಥೆಯನ್ನು ಹಾಕಿಕೊಡಲಿ. ಅದೂ ಉಚಿತ, ಲಿಬ್ರೆಆಫೀಸ್ ಅದರ ಜೊತೆಗೇ ಬರುತ್ತದೆ, ಕೆ.ಪಿ. ರಾವ್ ವಿನ್ಯಾಸವೂ ಕಗಪ (ಕನ್ನಡ ಗಣಕ ಪರಿಷತ್ತು) ಎಂಬ ಹೆಸರಿನಲ್ಲಿ ಅದರೊಳಗಿದೆ. ನೀವು ಕಲಿತದ್ದು ಯಾವುದೂ ವ್ಯರ್ಥವಾಗುವುದಿಲ್ಲ.

ಮಾದರಿಗಳನ್ನು ಮಾಡುವಾಗ ಕೊನೆಯಲ್ಲಿ ಸಹಿಗೆ ನಾಲ್ಕು ಸಾಲಿನಷ್ಟು ಜಾಗ ಬಿಡಿ. ಅರ್ಜಿಗೆ ಪೆನ್ನಿನ ಸಹಿಯೇ ಬೇಕು, ನಡುಗುವ ಕೈಗೆ ಇಕ್ಕಟ್ಟಾದ ಜಾಗ ಸಾಲುವುದಿಲ್ಲ. ಅಕ್ಕನ ಕಾಗದದಲ್ಲಿ ಆ ಜಾಗ ಇನ್ನೂ ಸ್ವಲ್ಪ ಹೆಚ್ಚೇ ಇರಲಿ. ಇಷ್ಟು ವರ್ಷ ಅವರು ಓದುತ್ತ ಬಂದ ಕೈಬರಹದ ಒಂದು ಸಾಲು, ಸೊಟ್ಟಗಾದರೂ, ಅಲ್ಲಿ ಹಿಡಿಸುವಂತಿರಬೇಕು.